ಗುರುಸಿದ್ಧಪ್ಪನ ಶಿರೋಯಾಗ

ಎರಡು ಅಲಗುಗಳ ನಡುವೆ ಸಕಲ ಮಾನವರ ಗರ್ವವನ್ನು ಹಿಡಿದು ಕಚಕಚನೆ ಕತ್ತರಿಸುವ ಓ ಕರ್ತರೀದೇವಿಯೇ, ನನ್ನ ನಾಲಿಗೆಗೆ ಹರಿತವನ್ನು ಕೊಡು. ರಾಜರೂ ರಥಗಳೂ ಅಳಿದುಹೋಗಿ, ಭಾನುವಾರದ ಗಿರಾಕಿಗಾಗಿ ಓಣಿಓಣಿಗಳಲ್ಲಿ ಘೋರ ಸಮರ ನಡೆಯುವ ಈ ಯುಗದಲ್ಲಿ, ರಾಣೆಬೆನ್ನೂರಿನ ಬಸ್ ನಿಲ್ದಾಣದ ಹಿಂದೆ ವೀರಭದ್ರ ಹೇರ್ ಕಟಿಂಗ್ ಸಲೂನಿನ ಏಕಚ್ಛತ್ರಾಧಿಪತಿಯಾಗಿದ್ದ, ಕುಂಚಿತಕೇಶಕಲಾಪನೂ ಕರ್ಣಪರ್ಯಂತವಿಸ್ತೃತಮೀಸಾಲಂಕೃತನೂ ಆದ ಗುರುಸಿದ್ಧಪ್ಪನು ತನ್ನ ಅಂಗಡಿಗೆ ತಕ್ಕ ಆಳನ್ನು ಅರಸಿದ ವೃತ್ತಾಂತವನ್ನು ಹೇಳಹೊರಟಿದ್ದೇನೆ.

ಆ ಸಲೂನಿಗೆ ಕುರ್ಚಿಗಳು ಎರಡು. ಒಂದರಲ್ಲಿ ಗುರುಸಿದ್ಧಪ್ಪ ಸ್ವತಃ ಕೆಲಸ ಮಾಡುತ್ತಿದ್ದ. ಇನ್ನೊಂದರ ಸೇನಾನಿಯಾಗಿದ್ದವನು ಯುಗಾದಿಯ ಬೆನ್ನಿಗೇ ಕೆಲಸ ಬಿಟ್ಟು, ರಸ್ತೆಯ ಆಚೆ ಬದಿಯಲ್ಲಿ ಏಸಿ ಹಾಕಿಸಿ ಸ್ವಂತ ಸಾಮ್ರಾಜ್ಯವನ್ನು ಸ್ಥಾಪಿಸಿದ್ದ. ಅಂದಿನಿಂದ ಭಾನುವಾರ ಬಂತೆಂದರೆ ಗುರುಸಿದ್ಧಪ್ಪನ ಎರಡೇ ಕೈಗಳಿಗಾಗಿ ಹತ್ತಾರು ತಲೆಗಳು ಕಾಯುತ್ತಿದ್ದವು. ಬೆಂಚಿನ ಮೇಲೆ ಕುಳಿತವರು ಪೇಪರನ್ನು ಮೊದಲಿಂದ ಕೊನೆಯವರೆಗೆ ಓದಿ, ಆಕಳಿಸಿ, ಮೆಲ್ಲಗೆದ್ದು ರಸ್ತೆ ದಾಟುತ್ತಿದ್ದರು. ಕೈಯಲ್ಲಿ ಒಬ್ಬನ ತಲೆ ಹಿಡಿದುಕೊಂಡೇ, ಹಾಗೆ ಎದ್ದು ಹೋಗುವ ಬೆನ್ನುಗಳನ್ನೆಲ್ಲ ಅವನು ಕನ್ನಡಿಯೊಳಗೆ ಕಾಣುತ್ತಿದ್ದ.

ಕೊನೆಗೆ ಊರಿನ ಸಲೂನುಗಳೆಲ್ಲ ಬಾಗಿಲು ಹಾಕುವ ಮಂಗಳವಾರವೊಂದನ್ನು ಗೊತ್ತುಮಾಡಿ, ಕೆಲಸ ಬಯಸಿದವರಿಗೆಲ್ಲ ಬರಹೇಳಿದ. ಪರೀಕ್ಷೆಗೆ ತಲೆಗಳು ಬೇಕಲ್ಲ? ಪುಕ್ಕಟೆ ಎಂದರೂ ಓಣಿಯಲ್ಲಿ ಯಾರೂ ತಲೆ ಕೊಡಲೊಪ್ಪಲಿಲ್ಲ.

"ನಂದ ತಲಿ ಕೊಡತೀನಿ," ಎಂದು ಅವನು ಹೆಂಡತಿ ಶಾಂತವ್ವನ ಮುಂದೆ ಘರ್ಜಿಸಿದ. "ಮಂದಿ ತಲಿ ಕೆಟ್ಟರ ಗಿರಾಕಿ ಹೋಗತಾರ. ನನ್ನ ತಲಿ ಕೆಟ್ಟರ ಏನು ಹೋಗತದ?"

"ಮೀಸಿ ಒಂದು ಜೋಪಾನ ಮಾಡ್ರಿ," ಎಂದು ಶಾಂತವ್ವ ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು.

ಸೂರ್ಯನು ಬಸ್ ನಿಲ್ದಾಣದ ತಗಡಿನ ಮೇಲೇರುತ್ತಿದ್ದಂತೆ ಮೊದಲ ಮಹಾರಥಿಯು ಆಗಮಿಸಿದನು. ಹುಬ್ಬಳ್ಳಿಯ ಪಾರ್ಲರೊಂದರಲ್ಲಿ ಪಳಗಿದ, ತಾಮ್ರವರ್ಣರಂಜಿತಕೇಶಾಗ್ರನಾದ ಮೈಲಾರಿ. ಬ್ಯಾಗಿನಿಂದ ಗುಂಯ್‌ಗುಡುವ ಮಶಿನ್ನನ್ನು ಹೊರಗೆಳೆದು, ಶಂಖ ಊದಿದವನಂತೆ ಸಾರಿದನು: "ಕತ್ತರಿ ಹಿಡಿಯೋ ಕಾಲ ಮುಗೀತ್ರೀ ಅಣ್ಣಾರ. ಹುಬ್ಬಳ್ಳ್ಯಾಗ ಮದುಮಕ್ಕಳು ನನ್ನ ಕೇಳಿಕೊಂಡು ಬರತಿದ್ರು. ಕಣ್ಣು ಮುಚ್ಚರಿ, ತೆಗಿಯೂದ್ರಾಗ ಹೀರೋ ಮಾಡತೀನಿ."

ಗುರುಸಿದ್ಧಪ್ಪ ಕಣ್ಣು ಮುಚ್ಚಿದ. ಕಾಡಿಗೆ ಬೆಂಕಿ ಬಿದ್ದ ಹಾಗೆ ಕಿವಿಯ ಸುತ್ತ ಸದ್ದೆದ್ದಿತು. ಕಣ್ಣು ತೆರೆದಾಗ ಎಡಪಾರ್ಶ್ವ ಬಟಾಬಯಲಾಗಿತ್ತು. ನೆತ್ತಿಯ ಮೇಲೆ ಮಾತ್ರ ಕೋಳಿಜುಟ್ಟಿನಂಥದೊಂದು ಉಳಿದಿತ್ತು. ಬಲಪಾರ್ಶ್ವಕ್ಕೆ ದಂಡಯಾತ್ರೆ ಹೊರಡುವಷ್ಟರಲ್ಲಿ ಮಶಿನ್ನಿನ ಚಾರ್ಜು ಮುಗಿಯಿತು, ಓಣಿಯಲ್ಲಿ ಕರೆಂಟೂ ಹೋಯಿತು. ಕತ್ತರಿಯನ್ನು ಕೈಗೆ ಕೊಟ್ಟರೆ ಮೈಲಾರಿ ಅದನ್ನು ಹಾವು ಹಿಡಿದವನಂತೆ ಹಿಡಿದ. "ಕರೆಂಟ್ ಬಂದ ಮ್ಯಾಲೆ ಫೋನ್ ಮಾಡ್ರಿ," ಎಂದು ಬ್ಯಾಗನ್ನು ಹೆಗಲಿಗೇರಿಸಿ ರಣರಂಗವನ್ನು ತ್ಯಜಿಸಿದನು.

ಆಗ ಪ್ರವೇಶಿಸಿದವನು ಎರಡನೆಯ ಮಹಾರಥಿ, ಧವಳವಸ್ತ್ರಧಾರಿಯೂ ಅತಿದೀರ್ಘಾನುಭವಭಾರನಮ್ರಸ್ಕಂಧನೂ ಆದ ಬಾಳಪ್ಪ. ಗುರುಸಿದ್ಧಪ್ಪನ ಶಿರವನ್ನು ನೋಡಿ ಅವನು ಕಂಗಳನ್ನು ಕೆಂಡವಾಗಿಸಿದ.

"ಯಾಂವ ಇಂವ ಕೈ ಹಚ್ಚಿದಾಂವ? ಇದು ಕಟಿಂಗ್ ಅಲ್ಲ, ದನಾ ಮೇಯ್ದಂಗ ಆಗೇತಿ! ಸುಮ್ಮ ಕೂಡ್ರಿ. ಎರಡೂ ಕಡೆ ಸಮಾ ಮಾಡತೀನಿ."

ಸಮತ್ವವೇ ಬಾಳಪ್ಪನ ಧರ್ಮ. ಎಡಕ್ಕೆ ಬಲವನ್ನು ಸಮ ಮಾಡಿದ. ಬಲ ಹೆಚ್ಚು ಇಳಿಯಿತೆಂದು ಎಡವನ್ನು ಇಳಿಸಿದ. ಜುಟ್ಟು ಒಂಟಿಯಾಯಿತೆಂದು ಅದನ್ನೂ ಸವರಿದ. ಕತ್ತರಿ ಹೋಗಿ ಕತ್ತಿ ಬಂತು. ಗುರುಸಿದ್ಧಪ್ಪನ ತಲೆಯ ಮೇಲೆ ಕನ್ನಡಿಯ ಬೆಳಕು ಆಡತೊಡಗಿತು. ಆ ನುಣುಪಿನ ಕೆಳಗೆ ಮೀಸೆಯು ವಿಪರೀತ ದಪ್ಪವಾಗಿ ಕಂಡು, "ಒಂಚೂರು ತುದಿ ಅಷ್ಟ," ಎಂದು ಬಾಳಪ್ಪ ಬಾಗಿದ. ಬೇಡ ಎನ್ನಲು ಗುರುಸಿದ್ಧಪ್ಪ ಬಾಯಿ ತೆರೆದನು. ತೆರೆದದ್ದೇ ತಪ್ಪಾಯಿತು. ತುಟಿ ಅಲುಗಿತು, ಕತ್ತಿ ಜಾರಿತು, ಬಲಮೀಸೆಯ ಅರ್ಧ ಮಡಿಲಿಗೆ ಬಿತ್ತು.

ಇಬ್ಬರೂ ಮಡಿಲನ್ನು ನೋಡಿದರು. ಆಮೇಲೆ ಬಾಳಪ್ಪ ಬಲು ಮೆಲ್ಲಗೆ ಕೇಳಿದ: "ಸಮಾ ಮಾಡ್ಲೇನ್ರಿ?"

"ಮಾಡಿಬಿಡೋ ಮಾರಾಯಾ," ಎಂದ ಗುರುಸಿದ್ಧಪ್ಪ.

ಬಾಳಪ್ಪನೂ ಹೋದ ಮೇಲೆ ಆ ವೀರನು ಕನ್ನಡಿಯ ಮುಂದೆ ಒಬ್ಬನೇ ಕುಳಿತನು. ಕನ್ನಡಿಯಲ್ಲಿ ಕುಳಿತವನು ಯಾರೋ ಬೇರೆಯವನು. ತಂದೆ ತೀರಿದಾಗ ತಲೆ ಬೋಳಿಸಿದ್ದುಂಟು. ಅಂದೂ ಇಷ್ಟು ಬರಿದೆನಿಸಿರಲಿಲ್ಲ. ಆಳೂ ಸಿಗಲಿಲ್ಲ, ಮೀಸೆಯೂ ಉಳಿಯಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಮೂರನೆಯವನು ಒಳಗೆ ಬಂದ. ಶಿರಹಟ್ಟಿ ಕಡೆಯ ಫಕ್ಕೀರೇಶ. ಯಾವ ಪಾರ್ಲರಿನ ಹೆಸರೂ ಹೇಳಲಿಲ್ಲ. ಕುರ್ಚಿಯ ಹಿಂದೆ ನಿಂತು, ಕನ್ನಡಿಯಲ್ಲಿ ಆ ನಿಷ್ಕೇಶನಿರ್ಮೀಸಮುಖಮಂಡಲವನ್ನು ಬಹುಹೊತ್ತು ದಿಟ್ಟಿಸಿದ.

"ಏನು ನೋಡತೀಯೋ?" ಎಂದ ಗುರುಸಿದ್ಧಪ್ಪ. "ಕತ್ತರಸಾಕ ಏನೂ ಉಳಿದಿಲ್ಲ. ನಡಿ."

"ಅಲ್ರೀ ಯಜಮಾನ್ರ," ಎಂದ ಫಕ್ಕೀರೇಶ, ಮುಖದ ಒಂದು ಸ್ನಾಯುವೂ ಅಲುಗದಂತೆ, "ಇಂಥಾ ತಲಿ ಎಲ್ಲಾರಿಗೂ ಒಪ್ಪೂದಿಲ್ಲ. ನಿಮಗ ಒಪ್ಪೇತಿ. ಹತ್ತು ವರ್ಷ ಸಣ್ಣಾವ್ರು ಆಗೀರಿ ನೋಡ್ರಿ."

ಅದು ಸುಳ್ಳೆಂದು ಗುರುಸಿದ್ಧಪ್ಪನಿಗೆ ಗೊತ್ತಿತ್ತು. ಆದರೂ ಅವನು ಮುಖವನ್ನು ಎಡಕ್ಕೆ ತಿರುಗಿಸಿ ನೋಡಿಕೊಂಡ, ಬಲಕ್ಕೆ ತಿರುಗಿಸಿ ನೋಡಿಕೊಂಡ. ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ಕಟಿಂಗ್ ಬರತದೇನು?" ಎಂದ.

"ಸುಮಾರು ಬರತದ್ರಿ."

"ಸಾಕು. ಭಾನುವಾರ ನಸುಕಿಗೇ ಬಾ."

ಭಾನುವಾರ ಫಕ್ಕೀರೇಶನ ಕುರ್ಚಿಯ ಮುಂದೆ ಜನ ನೆರೆದರು. ಬಕ್ಕತಲೆಯವರಿಗೆ ಹಣೆ ಅಗಲ, ಭಾಗ್ಯವಂತರದು ಎಂದ. ನೆರೆತವರಿಗೆ ಬೆಳ್ಳಿಗೆರೆ ಗತ್ತು ತಂದೈತಿ ಎಂದ. ರಸ್ತೆಯಾಚೆ ಏಸಿಯ ತಂಪಿನಲ್ಲಿದ್ದವರೂ ಎದ್ದು ಬಂದರು. ಗೆದ್ದೆನೆಂದು ಗುರುಸಿದ್ಧಪ್ಪನ ಎದೆ ಉಬ್ಬಿತು. ಆದರೆ ಅವನ ಸ್ವಂತ ಕುರ್ಚಿಗೆ ಮಾತ್ರ ಯಾರೂ ಬರಲಿಲ್ಲ; ತನ್ನ ತಲೆಯನ್ನೇ ಹಾಗೆ ಮಾಡಿಕೊಂಡವನ ಕೈಗೆ ತಮ್ಮದನ್ನು ಕೊಡುವ ಧೈರ್ಯ ಯಾರಿಗಿದ್ದೀತು? ಸುಮ್ಮನೆ ನಿಂತಿರಲಾರದೆ ಅವನು ಕಸಬರಿಗೆ ತೆಗೆದುಕೊಂಡು ಉದುರಿದ ಕೂದಲನ್ನು ಗುಡಿಸತೊಡಗಿದ.

ಆಗ ಹಳ್ಳಿಯಿಂದ ಅಪರೂಪಕ್ಕೆ ಬರುವ ಹಳೆಯ ಗಿರಾಕಿಯೊಬ್ಬರು ಬೆಂಚಿನ ಮೇಲಿಂದ ಕಾಲೆತ್ತಿ ಕಸಬರಿಗೆಗೆ ದಾರಿ ಕೊಡುತ್ತ ಕೇಳಿದರು:

"ಹೊಸದಾಗಿ ಸೇರೀಯೇನೋ ತಮ್ಮಾ? ಗುರುಸಿದ್ಧಪ್ಪ ಎಲ್ಲಿ? ಇರಲಿ, ಒಂದು ಚಾ ಹೇಳಿ ಬಾ."

ಗುರುಸಿದ್ಧಪ್ಪ ತುಟಿಯ ಮೇಲೆ ಕೈ ಆಡಿಸಿದ. ಅಲ್ಲಿ ತಿರುವಲು ಏನೂ ಇರಲಿಲ್ಲ.

"ಸಕ್ಕರಿ ಹಾಕಿಸಲೇನ್ರಿ?" ಎಂದು ಕೇಳಿ ಹೊರಟ.