ಇಬ್ಬರೇ ಹೊರಟ ಮೈಸೂರು ಟ್ರಿಪ್

ಶಿವರುದ್ರಪ್ಪನ ಕಷ್ಟವೆಲ್ಲ ಶುರುವಾದದ್ದು ಅವನ ಒಳ್ಳೆಯ ನಡತೆಯಿಂದ. ಆ ಗುರುವಾರ ಬೆಳಿಗ್ಗೆ ಪುಣೆಯ ನಾರಾಯಣ ಪೇಠೆಯಲ್ಲಿ, ಹತ್ತಾರು ಬಾಡಿಗೆ ಸಂಸಾರಗಳಿದ್ದ ಹಳೆಯ ವಾಡೆಯ ಅಂಗಳದಲ್ಲಿ, ನಲ್ಲಿಗೆ ಕೊಡ ಹಚ್ಚಿ, ಬಾಯಲ್ಲಿ ಬ್ರಷ್ ಇಟ್ಟುಕೊಂಡು ಅವನು ನಿಂತಿದ್ದ. ಆ ಬ್ರಷ್ ಇನ್ನೊಂದು ಗಳಿಗೆ ಬಾಯಲ್ಲೇ ಇದ್ದಿದ್ದರೆ ಅವನೂ ಬದುಕಿಕೊಳ್ಳುತ್ತಿದ್ದ, ನನಗೂ ಈ ಕತೆ ಹೇಳುವ ಕೆಲಸ ಬೀಳುತ್ತಿರಲಿಲ್ಲ.

ಗುರುವಾರ ಅವನಿಗೆ ವಾರದ ರಜೆ. ಪುಣೆಯ ಹೊರಗಿನ ಚಾಕಣದಲ್ಲಿ ಮೋಟಾರುಗಳಿಗೆ ಹಾರ್ನ್ ಮಾಡುವ ಕಾರ್ಖಾನೆಯೊಂದರಲ್ಲಿ ಅವನು ಗುಮಾಸ್ತ. ಹುಟ್ಟಿದ್ದು ಬಿಜಾಪುರ ಜಿಲ್ಲೆಯ ಸಿಂದಗಿಯ ಹತ್ತಿರ. ಆದರೆ ಕನ್ನಡದವನು ಎಂದ ಮೇಲೆ ಮೈಸೂರಿನವನೇ ಎಂದು ಕಾರ್ಖಾನೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. "ನಿಮ್ಮ ಅರಮನೆ ಹೇಗಿದೆ?" ಎಂದು ಅವರು ಕೇಳಿದಾಗ, ಅವನು ಅದರ ಬೀಗದಕೈ ತನ್ನ ಕಿಸೆಯಲ್ಲೇ ಇರುವವನಂತೆ "ಚೆನ್ನಾಗಿದೆ" ಎಂದು ತಲೆಯಾಡಿಸುತ್ತಿದ್ದ. ಸಿಂದಗಿಯಿಂದ ಪುಣೆ ಎಷ್ಟು ದೂರವೋ ಮೈಸೂರು ಅದಕ್ಕಿಂತ ಬಹಳ ದೂರ ಎಂದು ಯಾರಿಗೆ ಬಿಡಿಸಿ ಹೇಳುವುದು?

ಕೊನೆಗೂ ಈ ವರ್ಷ ರಜೆ ಮಂಜೂರಾಗಿತ್ತು. ದೀಪಾವಳಿ ಮುಗಿದ ಮರುವಾರ ಮೈಸೂರು, ಶ್ರೀರಂಗಪಟ್ಟಣ, ಅಲ್ಲಿಂದ ಬೆಟ್ಟ ಹತ್ತಿ ಊಟಿ. ಮಗಳು ಮಾಯಾ ರಜೆಗೆ ಅಜ್ಜಿಯ ಊರಿಗೆ ಹೋಗುವವಳು. ಹೋಗುವುದು ಅವನು ಮತ್ತು ಹೆಂಡತಿ ಇಂದೂ, ಇಬ್ಬರೇ. ಈ "ಇಬ್ಬರೇ" ಎಂಬುದೇ ಅವನಿಗೆ ಅರಮನೆಗಿಂತ ದೊಡ್ಡದು. ಮದುವೆಯಾದ ಹೊಸದರಲ್ಲಿ ಮನೆದೇವರಾದ ವೀರಭದ್ರನಿಗೆ ಹೋದಾಗ ಎರಡೂ ಕಡೆಯ ಬೀಗರು ಟೆಂಪೊ ತುಂಬಿಕೊಂಡಿದ್ದರು. ಆಮೇಲಿನ ರಜೆಗಳೆಲ್ಲ ಯಾರದೋ ಮದುವೆ, ಯಾರದೋ ತೊಟ್ಟಿಲು ಎಂದು ಕಳೆದುಹೋದವು. ಹೆಂಡತಿಯ ಪಕ್ಕದಲ್ಲಿ ಕಿಟಕಿಯ ಹತ್ತಿರ ಕೂತು, ಯಾರ ಗದ್ದಲವೂ ಇಲ್ಲದೆ, ಹೊಲಗದ್ದೆ ನೋಡುತ್ತ ಹೋಗಬೇಕು ಎಂಬುದು ಅವನ ಬಹುದಿನದ ಆಸೆ. ಆದರೆ "ಇಬ್ಬರೇ" ಎಂಬುದನ್ನು ಅವನು ಇಂದೂಗೂ ಬಾಯಿಬಿಟ್ಟು ಹೇಳಿರಲಿಲ್ಲ. ನಾಚಿಕೆ.

ಅಂಥ ಖುಷಿಯ ಬೆಳಗಿನಲ್ಲಿ ನಲ್ಲಿಯ ಹತ್ತಿರ ಬಂದವರು ಎದುರು ಕೋಣೆಯ ಮಧುಕರ ಆಪಟೆ ಮಾಸ್ತರರು. ಪಾಲಿಕೆಯ ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು, ಒಂಟಿ ಜೀವ. ಮಾತು ನಡೆದದ್ದು ಮರಾಠಿಯಲ್ಲಿ. ನಿಮ್ಮ ಅನುಕೂಲಕ್ಕೆ ಕನ್ನಡ ಮಾಡಿದ್ದೇನೆ.

"ಏನು, ಬೆಳಿಗ್ಗೆ ಬೆಳಿಗ್ಗೆ ನಗು?"

ಶಿವರುದ್ರಪ್ಪ ಬ್ರಷ್ ತೆಗೆದ. "ಮೈಸೂರಿಗೆ ಹೊರಟಿದ್ದೇವೆ ಮಾಸ್ತರರೇ. ಶ್ರೀರಂಗಪಟ್ಟಣ, ಊಟಿ ಎಲ್ಲ ನೋಡಿ ಬರುತ್ತೇವೆ."

"ಒಳ್ಳೆಯದು."

ಮಾತು ಅಲ್ಲಿಗೇ ಮುಗಿದಿತ್ತು. ಆದರೆ ಸಿಂದಗಿಯ ನಾಲಿಗೆ ಸುಮ್ಮನಿರಬೇಕಲ್ಲ! "ನೀವೂ ಬನ್ನಿ ಮಾಸ್ತರರೇ!" ಎಂದುಬಿಟ್ಟ.

ನಮ್ಮ ಕಡೆ ಇದು ಬರೀ ಮರ್ಯಾದೆಯ ಮಾತು. ಉಣ್ಣುವವನು ದಾರಿಯಲ್ಲಿ ಹೋಗುವವನನ್ನು "ಬರ್ರಿ, ಊಟ ಮಾಡೂಣು" ಎನ್ನಬೇಕು. ಆತ ಹಸಿವೆಯಿಂದ ಸಾಯುತ್ತಿದ್ದರೂ "ಆಗೇದ್ರಿ, ನೀವು ಮಾಡ್ರಿ" ಎನ್ನಬೇಕು. ಇಬ್ಬರ ಮಾನವೂ ಉಳಿಯುತ್ತದೆ, ಅನ್ನವೂ ಉಳಿಯುತ್ತದೆ. ಆದರೆ ಪುಣೆಯ ಪೇಠೆಗಳಲ್ಲಿ ಹಾಗಲ್ಲ. ಅಲ್ಲಿ "ಚಹಾ ಕುಡಿದೇ ಬಂದಿರಬೇಕಲ್ಲ?" ಎಂದು ಬಾಗಿಲಲ್ಲೇ ಕೇಳಿ ಮುಗಿಸುತ್ತಾರೆ. ಬಾ ಎಂದು ಕರೆದರೆ ಮಾತ್ರ ಮನಸಾರೆ ಕರೆದರು ಎಂದೇ ಅರ್ಥ.

ಮಾಸ್ತರರು ಬಕೆಟ್ ಕೆಳಗಿಟ್ಟರು. ಕನ್ನಡಕ ತೆಗೆದು ಒರೆಸಿಕೊಂಡರು. "ಹುಟ್ಟಿದಾಗಿನಿಂದ ಈ ವಾಡೆಯಲ್ಲಿದ್ದೇನೆ ಶಿವರುದ್ರಪ್ಪ. ಯಾರೂ ನನ್ನನ್ನು ಎಲ್ಲಿಗೂ ಕರೆದವರಲ್ಲ. ಬರುತ್ತೇನೆ."

ಶಿವರುದ್ರಪ್ಪನ ಕೊಡ ತುಂಬಿ ಹರಿಯುತ್ತಿತ್ತು. ಅವನಿಗೆ ಕಾಣಲಿಲ್ಲ.

ಅಷ್ಟರಲ್ಲಿ ಮೇಲಿನ ಗ್ಯಾಲರಿಯಿಂದ ಕೃಷ್ಣಾಬಾಯಿಯ ದನಿ ಬಂತು. ಚಕ್ಕುಲಿ ಮಾಡಿ ಮಾರುವ ಈ ಹೆಂಗಸಿನ ದನಿ ಪಿಸುಮಾತಿನಲ್ಲಿದ್ದರೂ ಎರಡು ಓಣಿ ಆಚೆಗೆ ಕೇಳುತ್ತದೆ. "ಮಾಸ್ತರರನ್ನು ಕರೆದಿರಿ, ನಾನೇನು ಪಾಪ ಮಾಡಿದ್ದೆ?"

"ನೀವೂ... ಬನ್ನಿ ಬಾಯಿ," ಎಂದ ಶಿವರುದ್ರಪ್ಪ. ಬೇರೆ ಏನು ಹೇಳಲು ಬರುತ್ತದೆ?

ಸ್ನಾನ ಮುಗಿಸಿ ಅವನು ಹೊರಗೆ ಬರುವ ಹೊತ್ತಿಗೆ ವಾಡೆಯ ಬಾಗಿಲಿನ ಕರಿಹಲಗೆಯ ಮೇಲೆ ಮಾಸ್ತರರ ದುಂಡು ಅಕ್ಷರಗಳು ಕೂತಿದ್ದವು: "ಮೈಸೂರು-ಊಟಿ ಪ್ರವಾಸ. ಬರುವವರು ಹೆಸರು ಕೊಡುವುದು. ತಡಮಾಡುವವರು ಬಾರದೆ ಉಪಕರಿಸುವುದು. ಬೆಟ್ಟದಲ್ಲಿ ವಾಂತಿ ಮಾಡಿಕೊಳ್ಳುವವರು ಮೊದಲೇ ತಿಳಿಸುವುದು." ಹಲಗೆ ನೋಡಿ ಮಗ್ಗುಲ ವಾಡೆಯವರೂ ಬಂದರು. ಅಂಗಳದಲ್ಲಿ ಜಾತ್ರೆಗೆ ಅಂಗಡಿ ಹಾಕಿದಷ್ಟು ಗದ್ದಲ. ಒಬ್ಬರು ಊಟಿಗೆ ಸ್ಟವ್ ಒಯ್ಯೋಣ ಎಂದರು, ಇನ್ನೊಬ್ಬರು ಸ್ವೆಟರಿಗೆ ಶಿವರುದ್ರಪ್ಪನ ಎದೆಯ ಅಳತೆ ತೆಗೆದುಕೊಂಡೇಬಿಟ್ಟರು.

"ಒಂದು ಮಾತು," ಎಂದಳು ಕೃಷ್ಣಾಬಾಯಿ, ಅವನ ತೋಳು ಹಿಡಿದು. "ರಾತ್ರಿ ಹೊತ್ತು ನನ್ನ ಕಾಲು ಸೆಳೆಯುತ್ತವೆ. ಊಟಿಯಲ್ಲಿ ಇಂದೂ ನನ್ನ ಕೋಣೆಯಲ್ಲೇ ಮಲಗಲಿ. ಮಗಳಿದ್ದ ಹಾಗಲ್ಲವೇ? ನೀವು ಮಾಸ್ತರರ ಜೊತೆ ಮಲಗಿ. ಅವರು ಸ್ವಲ್ಪ ಗೊರಕೆ ಹೊಡೆಯುತ್ತಾರೆ, ಅಷ್ಟೇ."

ಶಿವರುದ್ರಪ್ಪ ತೋಳು ಬಿಡಿಸಿಕೊಂಡ. ಹೆಂಡತಿಯ ಹತ್ತಿರ ಮಾತಾಡೋಣವೆಂದು ಒಳಗೆ ಹೋದರೆ ಅಡುಗೆಮನೆ ತುಂಬ ಹೆಂಗಸರು. ಇಂದೂ ಅವರ ನಡುವೆ ಶೇಂಗಾ ಹುರಿಯುತ್ತ, ನಗುತ್ತ ಕೂತಿದ್ದಳು. "ಏನ್ ಬೇಕಾಗಿತ್ರಿ?" ಎಂದು ಅವಳು ಕೇಳಿದಾಗ ಎಲ್ಲರೂ ಅವನ ಕಡೆ ತಿರುಗಿದರು. "ನೀರು" ಎಂದು ಹೇಳಿ, ಕುಡಿದು, ಹೊರಬಿದ್ದ.

ಸೀದಾ ಓಡಿದ್ದು ಲಕ್ಷ್ಮೀ ರಸ್ತೆಗೆ, ಗೆಳೆಯ ಲೋಕನಾಥನ ಸೀರೆ ಅಂಗಡಿಗೆ. ಲೋಕನಾಥ ಬಿಜಾಪುರದವನಾದರೂ ಪುಣೆಯ ನೀರು ಕುಡಿದು ಪೂರ್ತಿ ಪುಣೆಯವನಾಗಿದ್ದ. ಮಧ್ಯಾಹ್ನವಾಯಿತೆಂದರೆ ಗಿರಾಕಿ ಒಳಗಿದ್ದರೂ ಶಟರ್ ಎಳೆದು ಮಲಗುವವನು. ಶಿವರುದ್ರಪ್ಪ ಅರ್ಧ ಇಳಿದ ಶಟರಿನ ಕೆಳಗೆ ತೂರಿ ಒಳಗೆ ಹೋದ.

"ಅಂಗಡಿ ಬಂದ್ ಅದ," ಎಂದ ಲೋಕನಾಥ, ಕಣ್ಣು ತೆರೆಯದೆ.

"ನಾನೋ ಮಾರಾಯಾ! ಘಾತ ಆಗೇದ." ಶಿವರುದ್ರಪ್ಪ ಎಲ್ಲ ಒದರಿದ.

ಲೋಕನಾಥ ಎದ್ದು ಕೂತ. "ಪುಣೇದಾಗ ಇದ್ದು ಮಂದಿಗೆ ಬರ್ರಿ ಅಂತಿಯಲ್ಲೋ, ನಿನಗ ಬುದ್ಧಿ ಅದ ಏನು? ಇಲ್ಲಿ ಮಂದಿ ಬಂದ ಬಿಡತಾರ!"

"ಬಂದಾರಲ್ಲ! ಈಗ ಏನ್ ಮಾಡ್ಲಿ ಹೇಳು."

"ಟ್ರಿಪ್ ರದ್ದ್ ಆತು ಅನ್ನು. ಆಮ್ಯಾಲೆ ಊರಿಗೆ ಹೊಂಟೇವಿ ಅಂತ ಹೇಳಿ ಸುಮ್ಮನ ನೀವಿಬ್ಬರ ಹೋಗಿ ಬರ್ರಿ."

"ಯಾಕ ರದ್ದ್ ಆತು ಅಂತ ಆಪಟೆ ಮಾಸ್ತರ ಕೇಳತಾರ. ಅವರು ಕಾರಣ ಕೇಳದ ಕೆಮ್ಮೂದೂ ಇಲ್ಲ."

ಲೋಕನಾಥ ತಲೆ ಕೆರೆದುಕೊಂಡ. ಮುಖ ಅರಳಿತು. "ಮನಿದೇವರು! ಊರಿಗೆ ಫೋನ್ ಹಚ್ಚಿದ್ದೆ, ಪೂಜಾರಿ ಹೂ ಕೇಳಿದ, ಎಡಕ್ಕ ಬಿತ್ತು ಅನ್ನು. ದೇವರ ಮಾತಿಗೆ ಯಾವ ಮಾಸ್ತರ ಅಡ್ಡ ಬರತಾನ?"

ದೇವರ ಮೂರ್ತಿಗೆ ಹಚ್ಚಿದ ಹೂವು ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಇಲ್ಲ. ಸಿಂದಗಿಯಲ್ಲಿ ಹೆಣ್ಣು ನೋಡುವುದರಿಂದ ಹಿಡಿದು ಬಾವಿ ತೋಡುವ ತನಕ ಎಲ್ಲಕ್ಕೂ ಹೂವು ಕೇಳುತ್ತಾರೆ. ಶಿವರುದ್ರಪ್ಪ ದಾರಿಯುದ್ದಕ್ಕೂ ಕೆನ್ನೆ ಬಡಿದುಕೊಂಡ. "ವೀರಭದ್ರಪ್ಪಾ, ತಪ್ಪಾತು. ಇದೊಂದ್ ಸಲ ನಿನ್ನ ಹೆಸರ ಕಡಾ ಕೊಡು."

ಅಂಗಳದಲ್ಲಿ ಮಾಸ್ತರರು ಜನರಿಗೆ ಶ್ರೀರಂಗಪಟ್ಟಣದ ಕೋಟೆಯ ನಕಾಶೆ ಬಿಡಿಸಿ ತೋರಿಸುತ್ತಿದ್ದರು. ಶಿವರುದ್ರಪ್ಪ ಮುಖ ಜೋಲು ಹಾಕಿಕೊಂಡು ನಿಂತ. ಮುಖ ಜೋಲಿಸುವುದಕ್ಕೆ ನಾಟಕ ಬೇಕಾಗಲಿಲ್ಲ. ಬೆಳಗಿನಿಂದ ಅದು ಹಾಗೇ ಇತ್ತು.

"ಮಾಸ್ತರರೇ, ನಮ್ಮ ಮನೆದೇವರ ಅಪ್ಪಣೆ ಆಗಲಿಲ್ಲ. ಹೂವು ಎಡಕ್ಕೆ ಬಿತ್ತು. ನಾನು ದಕ್ಷಿಣಕ್ಕೆ ಹೋಗುವ ಹಾಗಿಲ್ಲವಂತೆ."

ಕೃಷ್ಣಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಸ್ತರರು ನಕಾಶೆ ಮಡಚಿದರು, ಎದ್ದು ಹೋಗಿ ಕರಿಹಲಗೆ ಒರೆಸಿದರು. ಒರೆಸಿದ ಬಟ್ಟೆ ಅವರ ಕೈಯಲ್ಲೇ ಉಳಿಯಿತು. ಅದನ್ನು ನೋಡಿದ ಶಿವರುದ್ರಪ್ಪ, ಎಲ್ಲಿ ಮತ್ತೆ "ಬನ್ನಿ" ಎಂದುಬಿಡುತ್ತೇನೋ ಎಂದು ಹೆದರಿ, ತುಟಿ ಕಚ್ಚಿಕೊಂಡು ರಿಕ್ಷಾ ಹತ್ತಿದ.

ಸ್ಟೇಷನ್ನಿನ ರಿಸರ್ವೇಶನ್ ಸಾಲು ಉದ್ದವಿತ್ತು. ಅವನಿಗೆ ಬೇಸರವಾಗಲಿಲ್ಲ. ಮುಂದಿನವನು ಕಾಲು ತುಳಿದರೂ ನಕ್ಕ. ಹಿಂದಿನವನು ಪಾನ್ ಜಗಿಯುತ್ತ "ಎಲ್ಲಿಗೆ?" ಎಂದಾಗ "ಮೈಸೂರಿಗೆ" ಎಂದು ಹೇಳಿ, ತಕ್ಷಣ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಕತ್ತಲಾಗುವಾಗ ಕೌಂಟರಿನಿಂದ ಈಚೆ ಬಂದವನ ಕಿಸೆಯಲ್ಲಿ ಎರಡು ಟಿಕೆಟ್, ಅದರಲ್ಲೂ ಒಂದು ಕಿಟಕಿಯ ಪಕ್ಕದ್ದು. ಲೋಕವನ್ನೇ ಗೆದ್ದವನ ಹಾಗೆ ಮನೆಗೆ ಬಂದ.

ಅಡುಗೆಮನೆ ಖಾಲಿಯಾಗಿತ್ತು. ಇಂದೂ ಒಬ್ಬಳೇ, ಸಪ್ಪಗೆ, ಶೇಂಗಾ ಚಟ್ನಿ ಡಬ್ಬಿಗೆ ತುಂಬುತ್ತಿದ್ದಳು. ಅವನು ಬಾಗಿಲು ಹಾಕಿ, ಕದ್ದವನಂತೆ ಟಿಕೆಟ್ ತೆಗೆದು ಅವಳ ಮುಂದೆ ಹಿಡಿದ.

"ಇದೇನ್ರಿ? ಹೂ ಎಡಕ್ಕ ಬಿತ್ತು ಅಂದ್ರಲ್ಲ?"

"ಎಡಕ್ಕೂ ಬಿದ್ದಿಲ್ಲ, ಬಲಕ್ಕೂ ಬಿದ್ದಿಲ್ಲ. ನಾನ ಬೀಳಿಸಿದ್ದು." ಅವನು ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಕಿವಿ ಕೆಂಪಾದವು. "ನಾವಿಬ್ಬರ ಹೋಗಬೇಕಂತ ಇತ್ತು, ಇಂದೂ. ಬರೇ ನೀ ಮತ್ತ ನಾ."

ಇಂದೂ ಅವನನ್ನೇ ನೋಡಿದಳು. ಆಮೇಲೆ ನಕ್ಕಳು. ಬಾಯಿಗೆ ಸೆರಗು ಅಡ್ಡ ಹಿಡಿದು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಇಷ್ಟು ಹೇಳಾಕ ಇಷ್ಟು ವರ್ಷ ಬೇಕಾತೇನ್ರಿ? ಮುಂಜಾನಿನ ಅಂದಿದ್ರ ನಾನ ಏನರೆ ಹೇಳಿ ಅವರನ್ನ ಬಿಡಿಸ್ತಿದ್ದೆ. ದೇವರಿಗ್ಯಾಕ ತ್ರಾಸ ಕೊಟ್ರಿ?" ಟಿಕೆಟ್ಟನ್ನು ದೀಪದ ಹತ್ತಿರ ಹಿಡಿದು, "ಖಿಡಕಿ ಸೀಟು ಯಾರದು? ನಂದ ಹೌದಲ್ರಿ?" ಎಂದಳು.

ಹಾಗೆ ನಿಂತಾಗ ಅವಳು ಎಷ್ಟು ಚೆಂದ ಕಂಡಳೆಂದರೆ, ಶಿವರುದ್ರಪ್ಪನಿಗೆ ಮೈಸೂರಿಗೆ ಹೋಗಿ ಬಂದಷ್ಟೇ ಸಂತೋಷವಾಯಿತು.

ಆಗಲೇ ಬಾಗಿಲು ಬಡಿದ ಸದ್ದಾಯಿತು. ಇಂದೂ ಟಿಕೆಟ್ಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ಹೊರಗೆ ಇಡೀ ವಾಡೆ ನಿಂತಿತ್ತು. ಮುಂದೆ ಆಪಟೆ ಮಾಸ್ತರರು, ಮಗ್ಗುಲಿಗೆ ತಟ್ಟೆ ತುಂಬ ಚಕ್ಕುಲಿ ಹಿಡಿದ ಕೃಷ್ಣಾಬಾಯಿ.

"ಶಿವರುದ್ರಪ್ಪ, ಧೈರ್ಯ ಕಳೆದುಕೊಳ್ಳಬೇಡಿ," ಎಂದರು ಮಾಸ್ತರರು. "ನಮ್ಮ ಹಿರಿಯರು ಕೊಂಕಣದವರು. ಹೂವಿನ ವಿಷಯ ನಮ್ಮಲ್ಲೂ ಇದೆ. ಎಡಕ್ಕೆ ಬಿತ್ತೆಂದರೆ ದೇವರಿಗೆ ಏನೋ ಮುನಿಸು ಎಂದರ್ಥ. ಅದನ್ನು ಫೋನಿನಲ್ಲಿ ಬಗೆಹರಿಸಲಿಕ್ಕಾಗುವುದಿಲ್ಲ. ಮುಖತಃ ಹೋಗಿ, ಅಭಿಷೇಕ ಮಾಡಿಸಿ, ಮತ್ತೊಮ್ಮೆ ಕೇಳಬೇಕು."

"ಅಂದರೆ...?"

"ನಮ್ಮನ್ನು ಬಾಯಿ ತುಂಬ ಕರೆದವರು ನೀವು. ನಿಮ್ಮನ್ನು ಬಿಟ್ಟು ನಾವು ಹೋಗುತ್ತೇವೆಯೇ? ಎಲ್ಲರೂ ಕೂಡಿ ಬಸ್ಸು ಗೊತ್ತು ಮಾಡಿ ಬಂದೆವು. ನಿಮ್ಮ ರಜೆ ಶುರುವಾಗುವ ದಿನವೇ ಹೊರಡುವುದು. ಮೊದಲು ಸಿಂದಗಿ. ನಿಮ್ಮ ವೀರಭದ್ರನ ಮುಂದೆ ವಾಡೆಯವರೆಲ್ಲ ಕೂತು ಕೇಳಿಕೊಳ್ಳುತ್ತೇವೆ. ಬಲಕ್ಕೆ ಹೂವು ಬೀಳುವ ತನಕ ಏಳುವುದಿಲ್ಲ. ಆಮೇಲೆ ಅಲ್ಲಿಂದಲೇ ಮೈಸೂರು, ಊಟಿ."

"ನಿಮ್ಮ ಊರಿನವರು ಯಾರಾದರೂ ಬರುವುದಾದರೆ ಅವರಿಗೂ ಜಾಗ ಇದೆ," ಎಂದಳು ಕೃಷ್ಣಾಬಾಯಿ.

ಶಿವರುದ್ರಪ್ಪ ಬಾಯಿ ತೆರೆದ. ನಿಜ ಹೇಳೋಣವೆಂದರೆ ದೇವರ ಹೆಸರಿನಲ್ಲಿ ಸುಳ್ಳು ಹೇಳಿದ್ದನ್ನು ಹೇಳಬೇಕು. ಅದನ್ನು ಹೇಳಿದರೆ ಇವರನ್ನೇ ಬೇಡವೆಂದದ್ದನ್ನೂ ಹೇಳಬೇಕು. ಮಾಸ್ತರರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದಿದ್ದರು. ಅವರ ಮುಖ ಹಬ್ಬಕ್ಕೆ ಹೊಸ ಬಟ್ಟೆ ಬಂದ ಮಕ್ಕಳ ಮುಖದ ಹಾಗಿತ್ತು. ಅವನು ದಿಕ್ಕು ತೋಚದೆ ಹೆಂಡತಿಯ ಕಡೆ ತಿರುಗಿದ.

ಇಂದೂ ಮಾಸ್ತರರ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಟಿಕೆಟ್ ಹಿಡಿದ ಕೈಯನ್ನು ಮೆಲ್ಲಗೆ ಬೆನ್ನ ಹಿಂದೆ ಒಯ್ದಳು. "ಬಹಳ ಒಳ್ಳೆಯದಾಯಿತು ಕಾಕಾ," ಎಂದಳು ಶುದ್ಧ ಮರಾಠಿಯಲ್ಲಿ. ಆಮೇಲೆ ಗಂಡನ ಕಿವಿಯ ಹತ್ತಿರ, ಕನ್ನಡದಲ್ಲಿ, "ಸುಮ್ಮನ ಹ್ಞೂ ಅನ್ರಿ. ಎಷ್ಟ್ ಜೀವ ಇಟ್ಟಾರ ನೋಡ್ರಿ," ಎಂದಳು.

"ಹ್ಞೂ," ಎಂದ ಶಿವರುದ್ರಪ್ಪ.

ಚಪ್ಪಾಳೆ ಬಿದ್ದವು. ಚಕ್ಕುಲಿಯ ತಟ್ಟೆ ಕೈಯಿಂದ ಕೈಗೆ ಹೋಯಿತು. ಮಾಸ್ತರರು ಮುಂದೆ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಪುಣೆಯಲ್ಲಿ ಅಷ್ಟು ಪ್ರೀತಿಯಿಂದ ಅವನ ಹೆಗಲು ಯಾರೂ ಮುಟ್ಟಿರಲಿಲ್ಲ.

"ಕೂಡುವ ವ್ಯವಸ್ಥೆಯನ್ನೂ ಮಾಡಿದ್ದೇನೆ," ಎಂದರು. "ಹೆಂಗಸರೆಲ್ಲ ಹಿಂದೆ, ಕೃಷ್ಣಾಬಾಯಿಯ ಸುತ್ತ. ಗಂಡಸರು ನಡುವೆ. ಡ್ರೈವರನ ಹಿಂದಿನ ಸೀಟು ಮಾತ್ರ ಬೇರೆ ಯಾರಿಗೂ ಕೊಡಲಿಲ್ಲ. ಕಿಟಕಿಯ ಪಕ್ಕ ನೀವು, ನಿಮ್ಮ ಪಕ್ಕ ನಾನು. ಪುಣೆ ಬಿಟ್ಟಲ್ಲಿಂದ ಊಟಿ ಮುಟ್ಟುವ ತನಕ ಇತಿಹಾಸ ಹೇಳುತ್ತ ಹೋಗುತ್ತೇನೆ. ಯಾರ ಗದ್ದಲವೂ ಇಲ್ಲ, ನಾವಿಬ್ಬರೇ!"