ಲಗ್ನಕ್ಕೆ ಬೇಕಾದ ಸರ್ಟಿಫಿಕೇಟು

ಒಂದು ಕೆಂಪು ತ್ರಿಕೋನ ಇಷ್ಟೆಲ್ಲ ಮಾಡುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ, ಮುಕ್ತಾರ ಅವತ್ತು ಇಳಕಲ್ಲಿನ ಆ ಸೀರೆ ಅಂಗಡಿಯ ಮೆಟ್ಟಿಲನ್ನೇ ಹತ್ತುತ್ತಿರಲಿಲ್ಲ.

ಅಂಗಡಿ ಅಬ್ದುಲಸಾಬರದು. ಅವರ ಮಗಳು ಆಫ್ರೀನಳನ್ನು ಮದುವೆಯಾಗಬೇಕೆಂಬುದು ಮುಕ್ತಾರನ ಆಸೆ. ಆಫ್ರೀನಳಿಗೂ ಅದೇ ಆಸೆ. ಅಬ್ದುಲಸಾಬರು ಮಾತ್ರ ಒಂದು ಷರತ್ತು ಹಾಕಿದ್ದರು: ಅಂಗಡಿಗೊಂದು ವೆಬ್‌ಸೈಟು ಮಾಡಿ, ಅಂಗಡಿಯ ಕಂಪ್ಯೂಟರಿನಲ್ಲೇ ತೆರೆದು ತೋರಿಸಬೇಕು. ನೋಡಿ ಹೇಳುವವರು ಅವರ ಹೆಂಡತಿಯ ತಮ್ಮ, ನವನಗರದಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ಖಾಸಿಂಸಾಬರು. ಅವತ್ತು ಮಧ್ಯಾಹ್ನ ಅವರು ಬಂದು ಹೂಂ ಅಂದರೆ ಲಗ್ನದ ತಾರೀಖು ಇಡುವುದೆಂದು ಮಾತಾಗಿತ್ತು.

ಬೆಳಿಗ್ಗೆ ಮುಕ್ತಾರ ತನ್ನ ಮೊಬೈಲಿನ ನೆಟ್ ಕೊಟ್ಟು, ಇಲ್ಲಿಯವರೆಗೆ ಬರೀ ಬಿಲ್ಲು ಮಾಡಿಕೊಂಡಿದ್ದ ಆ ಹಳೇ ಕಂಪ್ಯೂಟರಿನಲ್ಲಿ ಸೈಟು ತೆರೆದ. ಟೋಪ ತೆನಿ ಸೆರಗಿನ ಸೀರೆಗಳು ಬರಬೇಕಾಗಿದ್ದ ಜಾಗದಲ್ಲಿ ಕೆಂಪು ತ್ರಿಕೋನ ಬಂದು ಕೂತಿತು. ಕೆಳಗೆ ಬರಹ: ‘ಈ ತಾಣದ ಸರ್ಟಿಫಿಕೇಟನ್ನು ನಂಬುವಂತಿಲ್ಲ. ಕಳ್ಳರು ನಿಮ್ಮ ಮಾಹಿತಿ ಕದಿಯಬಹುದು.’

ಅಬ್ದುಲಸಾಬರು ಕನ್ನಡಕ ಏರಿಸಿಕೊಂಡು ಓದಿದರು. “ಕಳ್ಳರು? ನನ್ನ ಅಂಗಡ್ಯಾಗ? ನಮ್ಮಪ್ಪನ ಕಾಲದಿಂದ ಒಬ್ರೂ ಬೆರಳ ಮಾಡಿ ತೋರ್ಸಿಲ್ಲ, ಈ ಡಬ್ಬಿ ತೋರ್ಸಾಕತ್ತೇತೇನು?”

“ಹಂಗಲ್ಲ ಚಾಚಾ. ಸೈಟಿಗೆ ಎಸ್‌ಎಸ್‌ಎಲ್ ಸರ್ಟಿಫಿಕೇಟ ಅಂತ ಇರ್ತೇತ್ರಿ. ಇದು ಖರೇನ ನಿಮ್ಮ ಅಂಗಡಿ ಅಂತ ಸಾಕ್ಷಿ ಹೇಳೂದು ಅದು. ನಿನ್ನೆ ಹಾಕೀನ್ರಿ. ಯಾಕೋ ಇದು ತಗೊಳ್ವಲ್ದು.”

ಪಕ್ಕದ ಪಾತ್ರೆ-ಭಾಂಡೆ ಅಂಗಡಿಯ ಕಲ್ಲಪ್ಪನಿಗೆ ಬೇರೆಯವರ ತಾಪತ್ರಯ ಎಂದರೆ ಹಬ್ಬ. “ಸರ್ಟಿಫಿಕೇಟ ಬೇಕಂದ್ರ ಗ್ವಾಡಿಗೇ ಐತೆಲ್ಲೋ!” ಎಂದವನೇ ನಗರಸಭೆಯ ಲೈಸೆನ್ಸನ್ನು ಚೌಕಟ್ಟಿನ ಸಮೇತ ಕಿತ್ತುಕೊಂಡು ಬಂದು ಪರದೆಯ ಮುಂದೆ ಹಿಡಿದ.

“ಅದರ ಕಣ್ಣು ಮ್ಯಾಲೈತಿ ನೋಡೋ, ಅಲ್ಲಿ ಹಿಡಿ,” ಎಂದು ಸೀರೆಗೆ ಗೊಂಡೆ ಕಟ್ಟುವ ಇಂದ್ರಾಬಾಯಿ ಕ್ಯಾಮೆರಾದ ತೂತು ತೋರಿಸಿದಳು. “ಸಣ್ಣ ಅಕ್ಷರ ಅದಾವು, ಓದ್ಲಿ. ಗಡಿಬಿಡಿ ಮಾಡಬ್ಯಾಡ.”

ಎಲ್ಲರೂ ಉಸಿರು ಬಿಗಿಹಿಡಿದು ಕಾದರು. ಕಂಪ್ಯೂಟರು ಓದಲಿಲ್ಲ.

ಮುಕ್ತಾರ ಸೈಟಿಗೆ ಜಾಗ ಕೊಟ್ಟಿದ್ದ ಹೋಸ್ಟಿಂಗ್ ಕಂಪನಿಗೆ ಫೋನು ಹಚ್ಚಿದ. ಬೆಂಗಳೂರಿನ ಹುಡುಗಿ, “ನಮ್ಮಲ್ಲಿ ಓಪನ್ ಆಗ್ತಾ ಇದೆಯಲ್ಲ ಸರ್. ಆ ಹಸಿರು ಸೀರೆ ತುಂಬಾ ಚೆನ್ನಾಗಿದೆ, ಎಷ್ಟು?” ಎಂದಳು. ರೇಟು ಕೇಳಿಕೊಂಡ ಮೇಲೆ, ಹಳೇ ಸರ್ಟಿಫಿಕೇಟು ತೆಗೆದು ಹೊಸದು ಹಾಕಿ ಎಂದಳು. ಮುಕ್ತಾರ ತೆಗೆದ, ಹಾಕಿದ. ಕೆಂಪು. ಮತ್ತೆ ತೆಗೆದ, ಮತ್ತೆ ಹಾಕಿದ. ಅದೇ ಕೆಂಪು.

ಕಲ್ಲಪ್ಪ ವೈರುಗಳನ್ನೆಲ್ಲ ಕಿತ್ತು ಊದಿ ಸಿಗಿಸಿದ. ಇಂದ್ರಾಬಾಯಿ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಕೊನೆಗೆ ಒಳಗೆ ರೇಂಜ್ ಇಲ್ಲವೆಂದು ಕಂಪ್ಯೂಟರನ್ನೇ ಹೊತ್ತು ಹೊರಗಿನ ಕಟ್ಟೆಗೆ ತಂದಿಟ್ಟರು. ಸೀರೆ ಕೊಳ್ಳಲು ಬಂದಿದ್ದ ಹುನಗುಂದದ ಬೀಗರ ತಂಡವೊಂದು ‘ಕಳ್ಳರು’ ಎಂಬುದನ್ನು ಓದಿ, ಚೀಲ ಅವುಚಿಕೊಂಡು ಎದುರಿನ ಅಂಗಡಿಗೆ ನಡೆಯಿತು. ಅಬ್ದುಲಸಾಬರ ಮುಖವೂ ಪರದೆಯ ಬಣ್ಣಕ್ಕೆ ತಿರುಗಿತು. ಮುಕ್ತಾರನಿಗೆ ಅಳು ಬರುವುದೊಂದು ಬಾಕಿ.

ಅಷ್ಟರಲ್ಲಿ ಖಾಸಿಂಸಾಬರು ರಿಕ್ಷಾದಿಂದ ಇಳಿದೇಬಿಟ್ಟರು. “ಎಲ್ಲೈತಿ ವೆಬ್‌ಸೈಟು? ತೋರ್ಸಪಾ.”

“ತಡೀರಿ, ಧೂಳಾಗೇತಿ,” ಎಂದು ಇಂದ್ರಾಬಾಯಿ ಸೆರಗಿನಿಂದ ಪರದೆ ಒರೆಸಿದಳು. ಮೂಲೆಗೆ ಅಂಟಿಸಿದ್ದ ಸೀರೆಯ ರೇಟಿನ ಚೀಟಿ ಕಿತ್ತು ಬಂತು. ಅದರಡಿ ಇದ್ದ ತಾರೀಖು ನೋಡಿ ಮುಕ್ತಾರ ಹಣೆ ಬಡಿದುಕೊಂಡ. ಅದು ಐದು ವರ್ಷ ಹಿಂದಿನ ತಾರೀಖು.

ಇಟ್ಟವನು ಅವನೇ! ಬಿಲ್ಲು ಮಾಡುವ ಸಾಫ್ಟ್‌ವೇರು ಆಗ ಒಂದು ತಿಂಗಳು ಪುಕ್ಕಟೆ ಬಂದಿತ್ತು. ತಿಂಗಳು ಮುಗಿಯುತ್ತಲೇ ಮುಕ್ತಾರ ಕಂಪ್ಯೂಟರಿನ ತಾರೀಖನ್ನು ಮತ್ತೆ ಅದೇ ತಿಂಗಳ ಒಂದಕ್ಕೆ ತಿರುಗಿಸಿದ್ದ. ಅಂದಿನಿಂದ ತಿಂಗಳಿಗೊಮ್ಮೆ ಬಂದು ಅದನ್ನೇ ಮಾಡುತ್ತಿದ್ದ. ಬಿಲ್ಲಿನ ಮೇಲೆ ಅಬ್ದುಲಸಾಬರು ರಬ್ಬರ್ ಸ್ಟಾಂಪಿನಿಂದ ಖರೇ ತಾರೀಖು ಒತ್ತುತ್ತಿದ್ದರು. ಗಿರಾಕಿಗಳು ನೋಡಬಾರದೆಂದು ಚೀಟಿ ಅಂಟಿಸಿದವರೂ ಅವರೇ. ಈ ಹಿಕ್ಮತ್ತು ಮೆಚ್ಚಿಯೇ ಅವರು ಹುಡುಗನನ್ನು ಅಳಿಯನೆಂದು ಯೋಚಿಸಿದ್ದು. ಐದು ವರ್ಷ ಹಿಂದೆ ಉಳಿದ ಕಂಪ್ಯೂಟರಿನ ಪಾಲಿಗೆ ಇವತ್ತಿನ ಸರ್ಟಿಫಿಕೇಟು ಇನ್ನೂ ಹುಟ್ಟೇ ಇರಲಿಲ್ಲ; ಹುಟ್ಟದ್ದನ್ನು ಅದು ಹೇಗೆ ನಂಬೀತು, ಪಾಪ!

ಮುಕ್ತಾರ ಇವತ್ತಿನ ತಾರೀಖು ಹಾಕಿದ. ತ್ರಿಕೋನ ಮಾಯವಾಗಿ ಸೀರೆಗಳು ಸಾಲಾಗಿ ಬಂದು ನಿಂತವು. ಕಟ್ಟೆಯ ಸುತ್ತ ನೆರೆದವರು ಚಪ್ಪಾಳೆ ತಟ್ಟಿದರು.

“ಮಾಶಾಅಲ್ಲಾ! ಹುಡುಗ ಶಾಣ್ಯಾ ಅದಾನ,” ಎಂದರು ಖಾಸಿಂಸಾಬರು. “ಇಡ್ರಿ ಲಗ್ನದ ತಾರೀಖು.”

“ನನಗೂ ಆ ಹಸರ ಸೀರಿ ಬೇಕು,” ಎಂದಳು ಇಂದ್ರಾಬಾಯಿ. “ಬಿಲ್ಲು ಮಾಡ್ರಿ ಸಾಬ್ರ.”

ಅಬ್ದುಲಸಾಬರು ಖುಷಿಯಿಂದ ಬಿಲ್ಲಿನ ಗುಂಡಿ ಒತ್ತಿದರು. ‘ನಿಮ್ಮ ಉಚಿತ ಅವಧಿ ಮುಗಿದು ಐದು ವರ್ಷವಾಯಿತು’ ಎಂದಿತು ಕಂಪ್ಯೂಟರು. ಮುಕ್ತಾರ ತಾರೀಖು ಹಿಂದಿಟ್ಟ. ಬಿಲ್ಲು ಬಂತು, ಸೈಟು ಕೆಂಪಾಯಿತು. ಮುಂದಿಟ್ಟ, ಸೈಟು ಬಂತು, ಬಿಲ್ಲು ಹೋಯಿತು.

“ಸಾಕು ಬಿಡು,” ಎಂದರು ಅಬ್ದುಲಸಾಬರು. “ನನಗ ಬಿಲ್ಲ ಬೇಕು. ತಾರೀಖ ಹಿಂದ ಇಡು.”

ಮುಕ್ತಾರ ಇಟ್ಟ. ಆಮೇಲೆ ಮೆಲ್ಲಗೆ ಕೇಳಿದ: “ಚಾಚಾ, ಲಗ್ನದ ತಾರೀಖು?”

ಅಬ್ದುಲಸಾಬರು ಪರದೆಯ ಮೂಲೆಗೆ ಬೆರಳಿಟ್ಟರು. “ಇದು ನೀನ ಇಟ್ಟ ತಾರೀಖು ಹೌದಲ್ಲೋ? ಈ ಲೆಕ್ಕದಾಗ ನಮ್ಮ ಆಫ್ರೀನಗ ಇನ್ನೂ ಹದಿನೇಳು. ಸರ್ಕಾರಿ ಮನಶ್ಯಾನ ಮುಂದ ಹೆಂಗ ಲಗ್ನಾ ಮಾಡ್ಲಿ?”

“ಕಾನೂನು ಒಪ್ಪಂಗಿಲ್ಲ,” ಎಂದು ಖಾಸಿಂಸಾಬರು ಗಂಭೀರವಾಗಿ ತಲೆ ಅಲ್ಲಾಡಿಸಿದರು.

“ಹದಿನೆಂಟ ತುಂಬ್ಲಿ, ಅವತ್ತ ಲಗ್ನಾ,” ಎಂದು ಅಬ್ದುಲಸಾಬರು ಚೀಟಿಗೆ ಉಗುಳು ಹಚ್ಚಿ ತಾರೀಖಿನ ಮೇಲೆ ಅಂಟಿಸಿದರು. “ಅಲ್ಲೀ ಮಟಾ ತಿಂಗಳಾ ತಿಂಗಳಾ ಬಂದು ತಾರೀಖ ಹಿಂದ ಇಡೂದು ಮಾತ್ರ ಮರೀಬ್ಯಾಡ.”