ಕತ್ತಿ ಮರೆತ ವೀರನೂ ಒಂದು ಮೊರ ಸಂಡಿಗೆಯೂ

ಭಾನುವಾರ ಬೆಳಗ್ಗೆ ಎದ್ದಾಗಿನಿಂದ ಆಡುತ್ತಿದ್ದರೂ ರಘುನಂದನನಿಗೆ ಒಂದು ಸಲವೂ ನಗು ಬರಲಿಲ್ಲ. ಎಡವಟ್ಟು ಶುರುವಾದದ್ದು ಅಲ್ಲಿಂದಲೇ.

ಬೇರೆಯವರಿಗಾದರೆ ನಗು ಬಾರದಿದ್ದರೆ ನಷ್ಟವೇನಿಲ್ಲ. ಇವನಿಗೆ ಅದೇ ಕೆಲಸ. ವಾರವಿಡೀ ಪಾಂಡವಪುರದಿಂದ ಬಸ್ಸಿನಲ್ಲಿ ಕೆ.ಆರ್. ಪೇಟೆಗೆ ಹೋಗಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಿ ಬರುತ್ತಿದ್ದ. ರಜೆ ಬಂತೆಂದರೆ ಕನ್ನಡದ ವೆಬ್ ಪತ್ರಿಕೆಯೊಂದಕ್ಕೆ ವಿಡಿಯೊ ಗೇಮುಗಳ ವಿಮರ್ಶೆ ಬರೆಯುತ್ತಿದ್ದ. ಈ ಸಲ ಬಂದದ್ದು ಜಪಾನಿನದು. ಹೆಸರಿನ ಅರ್ಥ ‘ಕತ್ತಿ ಮರೆತ ವೀರ’. ರಾಕ್ಷಸನನ್ನು ಕೊಲ್ಲಲು ಹೊರಟ ಕೆಂಜಿ ಎಂಬ ವೀರನಿಗೆ ಅರ್ಧ ದಾರಿಯಲ್ಲಿ ಕತ್ತಿ ಮನೆಯಲ್ಲೇ ಉಳಿಯಿತೆಂದು ನೆನಪಾಗುತ್ತದೆ. ವಾಪಸು ಹೋದರೆ ಅಮ್ಮ ಬೈಯುತ್ತಾಳೆಂದು ಹೊಲದಿಂದ ಒಂದು ಮೂಲಂಗಿ ಕಿತ್ತು ಹಿಡಿದು ಮುಂದೆ ನಡೆಯುತ್ತಾನೆ. ಹೊಡೆದಾಟ ಕಡಿಮೆ, ಮಾತು ಜಾಸ್ತಿ. ಬಿದ್ದು ಬಿದ್ದು ನಗುವಿರಿ ಎಂದು ಡಬ್ಬಿಯ ಮೇಲೆ ಬರೆದಿತ್ತು.

ಸಂಪಾದಕಿ ಶ್ವೇತ ಆಗಲೇ ಎರಡು ಸಲ ಫೋನು ಮಾಡಿದ್ದಳು. “ಚಿತ್ರ ಚೆನ್ನಾಗಿದೆ, ಸಂಗೀತ ಚೆನ್ನಾಗಿದೆ ಅಂತ ಯಾರು ಬೇಕಾದ್ರೂ ಬರೀತಾರೆ ರಘು. ನಗು ಬರುತ್ತಾ, ಇಲ್ವಾ? ನಂಗೆ ಅದು ಬೇಕು. ಸಾಯಂಕಾಲದೊಳಗೆ ಬರ್ಲಿಲ್ಲ ಅಂದ್ರೆ ಮುಂದಿನ ಆಟ ಬೇರೆಯವ್ರಿಗೆ ಕೊಡ್ತೀನಿ.”

ರಘುನಂದನ ಕೂತ, ಎದ್ದ, ಕೋಣೆಯಲ್ಲಿ ಅತ್ತಿತ್ತ ಓಡಾಡಿದ. ಆಟದಲ್ಲೇ ನಗು ಇಲ್ಲವೋ, ತನ್ನಲ್ಲೇ ಇಲ್ಲವೋ? ಅನುಮಾನ ಬಂದು ಕನ್ನಡಿಯ ಮುಂದೆ ನಿಂತು ನಕ್ಕು ನೋಡಿದ. ಹಲ್ಲುನೋವಿನವನು ಡಾಕ್ಟರಿಗೆ ಬಾಯಿ ತೆರೆದು ತೋರಿಸಿದ ಹಾಗಿತ್ತು.

ಅಷ್ಟರಲ್ಲಿ ಪೂರ್ವದ ಬಾಗಿಲು ತಳ್ಳಿಕೊಂಡು ಸಿದ್ದಲಿಂಗಮ್ಮ ಬಂದಳು.

ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಮನೆಯಲ್ಲಿ ರಘುನಂದನನದು ಬಾಡಿಗೆಯ ನಡುಕೋಣೆ. ಪೂರ್ವಕ್ಕೆ ಜವರಯ್ಯ, ಅವನ ಹೆಂಡತಿ ಸಿದ್ದಲಿಂಗಮ್ಮ. ಪಶ್ಚಿಮಕ್ಕೆ ಜವರಯ್ಯನ ತಮ್ಮ ಚಿಕ್ಕಯ್ಯ, ಅವನ ಹೆಂಡತಿ ಚಲುವಮ್ಮ. ಅಣ್ಣತಮ್ಮಂದಿರು ಗದ್ದೆಯಲ್ಲಿ, ಡೈರಿಯಲ್ಲಿ ಚೆನ್ನಾಗಿಯೇ ಇದ್ದರು. ಓರಗಿತ್ತಿಯರು ಮಾತ್ರ ಮಾತು ಬಿಟ್ಟು ವರ್ಷಗಳಾಗಿದ್ದವು. ಮಹಡಿಯ ಮೇಲೆ ಸಿದ್ದಲಿಂಗಮ್ಮ ಒಣಹಾಕಿದ್ದ ಒಂದು ಮೊರ ಸಂಡಿಗೆ ಕಾಣೆಯಾಗಿತ್ತು. “ಮೆಟ್ಲು ಅತ್ತಿದ್ದು ಅವ್ಳೇ” ಎಂದು ಇವಳು ಬೀದಿಗೆ ಕೇಳುವಂತೆ ಹೇಳಿದ್ದಳು. ಅಂದಿನಿಂದ ಒಂದು ಕಡೆಯ ಮಾತು ಇನ್ನೊಂದು ಕಡೆಗೆ ಹೋಗಬೇಕಾದರೆ ನಡುಕೋಣೆಯ ಮೂಲಕವೇ. ರಘುನಂದನ ಬಾಡಿಗೆಗೆ ಬಂದದ್ದಲ್ಲ, ಟೆಲಿಫೋನ್ ತಂತಿಯಾಗಿ ಬಂದದ್ದು ಎಂದು ಅವನಿಗೇ ಅನ್ನಿಸುತ್ತಿತ್ತು.

“ಮೇಷ್ಟ್ರೆ, ಟ್ಯಾಂಕು ತುಂಬಿ ಸುರೀತಾ ಅದೆ. ಮೋಟ್ರು ಆಫ್ ಮಾಡ್ಲಿ ಅಂತ ಆ ಕಡೆಯವ್ರಿಗೆ ಯೋಳಿ.”

ರಘುನಂದನನಿಗೆ ಥಟ್ಟನೆ ಉಪಾಯ ಹೊಳೆಯಿತು. “ಹೇಳ್ತೀನಿ ಅಮ್ಮ. ಅದಕ್ಕೆ ಮುಂಚೆ ಒಂದ್ನಿಮಿಷ ಕೂತ್ಕೊಂಡು ಇದನ್ನ ನೋಡಿ. ನಗು ಬರುತ್ತಾ ಹೇಳಿ.”

ಸಿದ್ದಲಿಂಗಮ್ಮ ಮಂಚದ ತುದಿಯಲ್ಲಿ ಕೂತಳು. ಟೀವಿಯಲ್ಲಿ ಕೆಂಜಿ ಮೂರು ದೆವ್ವಗಳ ಎದುರು ಮೂಲಂಗಿ ಹಿಡಿದು ನಿಂತಿದ್ದ. ಒಬ್ಬ ಹೊಡೆಯುವುದು, ಹೊಡೆದು ಹಿಂದೆ ಸರಿಯುವುದು, ಆಮೇಲೆ ಇನ್ನೊಬ್ಬ ಮುಂದೆ ಬಂದು ಹೊಡೆಯುವುದು.

“ಇದೇನು ಇಂಗ್ ನಿಂತವ್ರೆ, ರೇಷನ್ ಅಂಗ್ಡಿ ಕ್ಯೂನಂಗೆ?”

“ಆಟದ ನಿಯಮ ಅಮ್ಮ. ಸರದಿ ಬರೋ ತನಕ ಕಾಯ್ಬೇಕು.”

“ಒಡುಸ್ಕಂಡು ಸುಮ್ಕೆ ಕಾಯ್ತಾವಾ ದೆವ್ವಗಳು? ಎಂಥಾ ಮರ್ವಾದಸ್ತ ದೆವ್ವ ಕಣಪ್ಪ! ನಮ್ ಬೀದಿ ಮನುಸ್ರೇ ಕಾಯಾಕಿಲ್ಲ.” ಅವಳ ಮುಖದಲ್ಲಿ ನಗುವಿನ ಸುಳಿವಿರಲಿಲ್ಲ, ಗೌರವ ಕಾಣುತ್ತಿತ್ತು. “ಪಾಪ, ಮೂಲಂಗಿ ಇಡ್ಕಂಡು ಒಂಟವ್ನೆ. ಅವ್ರವ್ವನಾದ್ರೂ ಕತ್ತಿ ಕೊಟ್ಟು ಕಳ್ಸಬಾರ್ದಿತ್ತಾ?”

ರಘುನಂದನ ‘ನಗು ಇಲ್ಲ, ಕನಿಕರ ಇದೆ’ ಎಂದು ಮನಸ್ಸಿನಲ್ಲೇ ಬರೆದುಕೊಂಡು ಮುಂದೆ ಆಡಿದ. ಕೆಂಜಿ ಒಂದು ಊರಿಗೆ ಬಂದ. ಅಲ್ಲಿ ಅಕ್ಕಪಕ್ಕದಲ್ಲಿ ಎರಡು ಬಿಸಿನೀರಿನ ಸ್ನಾನದ ಮನೆಗಳು. ನಡೆಸುವವರು ಇಬ್ಬರು ಮುದುಕಿಯರು, ಉಮೆ ಮತ್ತು ಕಿಕು.

“ಉಮೆ ಅಂದ್ರೆ ನಮ್ ಉಮಾನೇಯಾ?”

“ಅಲ್ಲಮ್ಮ, ಅವರ ಭಾಷೇಲಿ ಅದೊಂದು ಹಣ್ಣು. ಇವರಿಬ್ಬರೂ ಅಣ್ಣತಮ್ಮಂದಿರ ಹೆಂಡತಿಯರಂತೆ. ಮಾತು ಬಿಟ್ಟಿದ್ದಾರಂತೆ. ಉಮೆ ಹಾಕಿಟ್ಟಿದ್ದ ಉಪ್ಪಿನಕಾಯಿ ಜಾಡಿ ಖಾಲಿಯಾಗಿತ್ತಂತೆ. ಕಿಕುನೇ ತಿಂದಿದ್ದು ಅಂತ ಇವಳು...” ಓದುತ್ತ ಓದುತ್ತ ರಘುನಂದನನ ದನಿ ಇಳಿಯಿತು. ತಡವಾಗಿತ್ತು.

“ತಿಂದೇ ತಿಂದವ್ಳೆ!” ಸಿದ್ದಲಿಂಗಮ್ಮ ಮಂಚದ ತುದಿಯಿಂದ ನಡುವಿಗೆ ಸರಿದು ಕಾಲು ಮಡಚಿ ಕೂತಳು. “ಮುಖ ನೋಡುದ್ರೇ ಗೊತ್ತಾಯ್ತದೆ.”

ಪಶ್ಚಿಮದ ಬಾಗಿಲು ಧಡಾರನೆ ತೆರೆಯಿತು. ಹೊಸ್ತಿಲಲ್ಲಿ ಚಲುವಮ್ಮ, ಕೈಯಲ್ಲಿ ಸೌಟು. “ಮೇಷ್ಟ್ರೆ, ಕಣ್ಣಲ್ಲಿ ನೋಡ್ದೆ ಕಳ್ಳಿ ಅನ್ನೋರ ನಾಲ್ಗೆಗೆ ಏನ್ ಮಾಡ್ಬೇಕು ಅಂತ ಆ ಆಟ್ದಲ್ಲಿ ಬರ್ದವ್ರಾ ನೋಡಿ.”

“ಮೇಷ್ಟ್ರೆ, ಕುಂಬಳಕಾಯಿ ಕಳ್ಳ ಅಂದ್ರೆ ಎಗಲು ಮುಟ್ಕೊಳೋರ್ಗೆ ಏನ್ ಮಾಡ್ಬೇಕು ಅಂತ್ಲೂ ನೋಡಿ.”

ಚೆಂಡಾಟ ನೋಡುವವನಂತೆ ರಘುನಂದನ ಕತ್ತು ಅತ್ತಿತ್ತ ತಿರುಗಿಸಿದ. ಆಟ ನಿಲ್ಲಿಸೋಣವೆಂದು ಗುಂಡಿಯ ಮೇಲೆ ಬೆರಳಿಟ್ಟ. “ನಿಲ್ಸುದ್ರೆ ನೋಡಿ!” ಎಂದು ಎರಡೂ ಕಡೆಯಿಂದ ಒಟ್ಟಿಗೆ ಕೂಗು ಬಂತು. ಆ ಇಬ್ಬರೂ ಒಂದೇ ಮಾತನ್ನು ಒಟ್ಟಿಗೆ ಆಡಿದ್ದು ಅದೇ ಮೊದಲು.

ಮಧ್ಯಾಹ್ನದ ಊಟಕ್ಕೆ ಬಂದ ಜವರಯ್ಯ, ಚಿಕ್ಕಯ್ಯ ಇಬ್ಬರಿಗೂ ಒಲೆ ತಣ್ಣಗಿತ್ತು. ಹುಡುಕಿಕೊಂಡು ನಡುಕೋಣೆಗೆ ಬಂದರು.

“ಏನ್ಲಾ ಇದು, ಸಿನ್ಮಾವಾ?” ಎಂದ ಜವರಯ್ಯ.

“ಸುಮ್ಕಿರಿ, ಉಪ್ಪಿನಕಾಯಿ ಕದ್ದೋರ್ ಯಾರು ಅಂತ ಈಗ್ಲೇ ಗೊತ್ತಾಯ್ತದೆ,” ಎಂದಳು ಸಿದ್ದಲಿಂಗಮ್ಮ.

“ಆ ಕಿಕು ಸಂಡಿಗೆ... ಅಲ್ಲ, ಉಪ್ಪಿನಕಾಯಿ ಮುಟ್ಟಿಲ್ಲ ಅಂತ್ಲೂ ಗೊತ್ತಾಯ್ತದೆ,” ಎಂದಳು ಚಲುವಮ್ಮ.

ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪರದೆಯ ಮೇಲೆ ಕೆಂಜಿ ಯಾರನ್ನು ವಿಚಾರಿಸಬೇಕೆಂದು ಆಟ ಕೇಳುತ್ತಿತ್ತು. ಬೆಕ್ಕು, ಪೂಜಾರಿ, ಇಬ್ಬರು ಗಂಡಂದಿರು.

“ಬೆಕ್ಕುನ್ ಕೇಳಿ ಮೇಷ್ಟ್ರೆ,” ಜವರಯ್ಯ ಅವಸರದಿಂದ ಹೇಳಿದ. “ಬೆಕ್ಕಿನ್ ಮ್ಯಾಲೇ ನಂಗ್ ಅನ್ಮಾನ.”

“ಬೆಕ್ಕು ಉಪ್ಪಿನಕಾಯಿ ತಿಂದದಾ? ಆ ಗಂಡುಸ್ರನ್ನ ಕೇಳಿ,” ಎಂದಳು ಚಲುವಮ್ಮ.

ರಘುನಂದನ ಗಂಡಂದಿರ ಹೆಸರಿನ ಮೇಲೆ ಗುಂಡಿ ಒತ್ತಿದ. ಟೀವಿ ಕಪ್ಪಾಯಿತು. ಫ್ಯಾನು ನಿಂತಿತು.

“ಅಯ್ಯೋ! ಸೇವ್ ಮಾಡಿರ್ಲಿಲ್ಲ!” ರಘುನಂದನ ತಲೆ ಹಿಡಿದುಕೊಂಡ.

“ಕರೆಂಟು ಓಯ್ತು, ಇನ್ನ ಬರಾಕಿಲ್ಲ, ಏಳಿ ಎಲ್ಲಾ,” ಎಂದ ಜವರಯ್ಯ ಸಂತೋಷ ಮುಚ್ಚಿಟ್ಟುಕೊಳ್ಳಲಾಗದೆ.

ಆದರೆ ಎದುರು ಮನೆಯ ಮಿಕ್ಸಿ ಸದ್ದು ಕೇಳುತ್ತಲೇ ಇತ್ತು. ಸಿದ್ದಲಿಂಗಮ್ಮ ಸೀದಾ ಮೀಟರ್ ಬೋರ್ಡಿನ ಕಡೆ ನಡೆದಳು. ಅಲ್ಲಿ ಚಿಕ್ಕಯ್ಯ ಕಿತ್ತ ಫ್ಯೂಸನ್ನು ತೀರ್ಥಕ್ಕೆ ಒಡ್ಡಿದಂತೆ ಅಂಗೈಯಲ್ಲಿ ಹಿಡಿದು ನಿಂತಿದ್ದ. ಕಣ್ಣುಸನ್ನೆ ಮಾಡಿದ್ದು ಅಣ್ಣ ಎಂದು ಹೇಳುವ ಧೈರ್ಯ ಅವನಿಗಿರಲಿಲ್ಲ.

“ಆಕು ಮೈದ್ನ ಅದನ್ನ,” ಎಂದಳು ಅತ್ತಿಗೆ. ಹಾಕಿದ.

ಆ ಊರಿಗೆ ಕೆಂಜಿ ಮತ್ತೆ ನಡೆದು ಬರಬೇಕಾಯಿತು. ಸಂಜೆ ಹತ್ತಿರವಾಗುತ್ತಿತ್ತು, ಶ್ವೇತಳ ಹೆಸರು ಫೋನಿನಲ್ಲಿ ಮಿನುಗಿ ಮಿನುಗಿ ಆರುತ್ತಿತ್ತು. ರಘುನಂದನ ಎತ್ತಲಿಲ್ಲ, ಎತ್ತಲು ಬಿಡುವವರೂ ಇರಲಿಲ್ಲ. ಓರಗಿತ್ತಿಯರು ಈಗ ಒಂದೇ ಮಂಚದ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಗಂಡಂದಿರು ಗೋಡೆಗೊರಗಿ, ರಿಸಲ್ಟ್ ನೋಡಲು ಬಂದ ಫೇಲಾಗುವ ಹುಡುಗರಂತೆ ನಿಂತಿದ್ದರು.

ಕೊನೆಗೂ ಕೆಂಜಿ ಸ್ನಾನದ ಮನೆಯ ಹಿಂದಿನ ಸೌದೆ ಗುಡಿಸಲಿನ ಬಾಗಿಲು ತೆಗೆದ. ಒಳಗೆ ಉಮೆಯ ಗಂಡ, ಕಿಕುವಿನ ಗಂಡ ಹೆಂಡದ ಹೂಜಿಯನ್ನು ನಡುವೆ ಇಟ್ಟುಕೊಂಡು ಉಪ್ಪಿನಕಾಯಿ ಚಪ್ಪರಿಸುತ್ತಿದ್ದರು.

ರಘುನಂದನ ಇದನ್ನು ಓದಿ ಹೇಳಬೇಕಾಗಿಯೇ ಇರಲಿಲ್ಲ. ಇಬ್ಬರು ಹೆಂಗಸರೂ ನಿಧಾನವಾಗಿ ಗೋಡೆಯ ಕಡೆ ತಿರುಗಿದರು.

ಮೊದಲು ಸೋತದ್ದು ಚಿಕ್ಕಯ್ಯ. “ನಾ ಬ್ಯಾಡ ಅಂದೆ ಅತ್ತಿಗೆ! ಪಂಪ್‌ಸೆಟ್ ಮನೇಲಿ ಸಂಡಿಗೆ ಕರ್ಕಂಡು ತಿನ್ನವ ಬಾ ಅಂದಿದ್ದು ಅಣ್ಣ! ಎಣ್ಣೆ ತಂದಿದ್ದೂ ಅಣ್ಣನೇ!”

“ಯಾವ ಎಣ್ಣೆ?” ಸಿದ್ದಲಿಂಗಮ್ಮ ಕೇಳಿದಳು.

ಚಿಕ್ಕಯ್ಯ ಅಣ್ಣನ ಕಡೆ ನೋಡಿದ. ಅಣ್ಣ ಆಗಲೇ ಚಪ್ಪಲಿ ಹುಡುಕುತ್ತಿದ್ದ.

“ಎರಡೂವೆ,” ಎಂದ ಚಿಕ್ಕಯ್ಯ.

ಮುಂದಿನ ಗದ್ದಲದಲ್ಲಿ ಸೌಟು ಹಾರಿತು, ಅಣ್ಣತಮ್ಮಂದಿರು ಬೀದಿಗೆ ಬಿದ್ದರು. ಅದೆಲ್ಲ ಅಡಗಿದ ಮೇಲೆ ಚಲುವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಇಷ್ಟ್ ವರ್ಸ ಕಳ್ಳಿ ಅನ್ನುಸ್ಕಂಡೆ ಕಣಕ್ಕ.”

“ನನ್ ನಾಲ್ಗೆ ಸೇದೋಗ. ಅಳ್ಬ್ಯಾಡ ಕಣೇ ಚಲುವಿ,” ಎಂದ ಸಿದ್ದಲಿಂಗಮ್ಮನೂ ಅಳಲಾರಂಭಿಸಿದಳು.

ರಘುನಂದನ ಲ್ಯಾಪ್‌ಟಾಪ್ ಎತ್ತಿಕೊಂಡು ಮೆಲ್ಲಗೆ ಮಹಡಿಗೆ ಹೋದ. ಅವನ ಬೆರಳು ತಾನಾಗಿಯೇ ಓಡಿದವು. ‘ನಗಿಸುತ್ತೇನೆಂದು ಹೇಳಿ ಈ ಆಟ ಒಬ್ಬರನ್ನೂ ನಗಿಸಲಿಲ್ಲ. ನೋಡಿದವರು ಜಗಳವಾಡಿದರು, ಹೆದರಿದರು, ಓಡಿದರು, ಅತ್ತರು, ಕೊನೆಗೆ ಒಂದಾದರು. ಹತ್ತಕ್ಕೆ ಒಂಬತ್ತು.’ ಹೊತ್ತು ಮುಳುಗುವ ಮುಂಚೆ ಕಳಿಸಿಯೂಬಿಟ್ಟ.

ಸ್ವಲ್ಪ ಹೊತ್ತಿಗೇ ಶ್ವೇತಳ ಫೋನು ಬಂತು. “ರಘು, ನೀವು ಬರೆದಿದ್ದರಲ್ಲೇ ಇದು ಬೆಸ್ಟ್! ಮುಂದಿನ ಆಟನೂ ನಿಮಗೇ. ಬಹಳ ದೊಡ್ಡದು. ತಿಂಗಳು ಪೂರ್ತಿ ಮನೆ ಬಿಟ್ಟು ಅಲ್ಲಾಡ್ಬೇಡಿ, ಆಯ್ತಾ?”

ರಘುನಂದನ ಫೋನು ಜೇಬಿಗಿಟ್ಟ. ಶಿಳ್ಳೆ ಹಾಕುತ್ತ ಕೆಳಗಿಳಿದ. ನಡುಕೋಣೆಯಲ್ಲಿ ನಾಲ್ವರೂ ಸೇರಿದ್ದರು. ಕ್ಷಮೆ ಸಿಕ್ಕಿದ ಜವರಯ್ಯ ಗೋಡೆಯನ್ನು ಗೇಣು ಹಾಕಿ ಅಳೆಯುತ್ತಿದ್ದ. ಚಿಕ್ಕಯ್ಯ ಟಾರ್ಚು ಹಿಡಿದಿದ್ದ.

“ಬನ್ನಿ ಮೇಷ್ಟ್ರೆ, ಕುಂತ್ಕಳಿ.” ಸಿದ್ದಲಿಂಗಮ್ಮ ಪಾಯಸದ ಲೋಟ ಕೈಗಿಟ್ಟಳು. “ಪಂಚಾಯ್ತಿಯೋರ್ ಕೈಲೂ ಆಗ್ದಿದ್ದು ನಿಮ್ ಕೈಲಾಯ್ತು. ಇನ್ಮ್ಯಾಕೆ ನಮ್ಗೆ ಒಂದೇ ಒಲೆ, ಒಂದೇ ಮನೆ.”

“ಬಹಳ ಸಂತೋಷ ಅಮ್ಮ.”

“ಅದ್ಕೇಯ ಈ ಎರ್ಡು ಗೋಡೇನೂ ತೆಗ್ದು ದೊಡ್ಡದೊಂದು ಹಾಲ್ ಮಾಡ್ಬುಡವ ಅಂತ,” ಎಂದ ಜವರಯ್ಯ.

“ಒಳ್ಳೇ ಯೋಚನೆ,” ಎಂದು ರಘುನಂದನ ಇನ್ನೊಂದು ಗುಟುಕು ಕುಡಿದ. ಪಾಯಸ ಅರ್ಧ ಗಂಟಲಿಗೆ ಇಳಿದಾಗ ಮಾತಿನ ಅರ್ಥ ತಿಳಿಯಿತು. “ಅಂದ್ರೆ... ನಾನು?”

“ಓದ್ದೋರ್ಗೆ ಎಲ್ಲೋದ್ರೂ ಮನೆ ಸಿಕ್ತದೆ ಬುಡಿ. ನಾಳಿದ್ದು ಗಾರೆಯೋರು ಬತ್ತಾವ್ರೆ. ಟ್ರಾಕ್ಟರು ನಮ್ದೇ ಅದೆ, ನಾಗಮಂಗಲಕ್ಕೆ ಅಂದ್ರೂ ಸಾಮಾನು ಬುಟ್ ಬತ್ತೀವಿ.”

ರಘುನಂದನ ಬಾಯಿ ತೆರೆದ. ಯಾವ ಕಡೆಗೆ ತಿರುಗಿ ದೂರು ಹೇಳಬೇಕೆಂದು ತಿಳಿಯಲಿಲ್ಲ. ಈಗ ಎರಡೂ ಕಡೆ ಒಂದೇ ಆಗಿತ್ತು.

“ಮಂಚ, ಬೀರು ಎಲ್ಲಾ ತಕಂಡೋಗಿ ಮೇಷ್ಟ್ರೆ,” ಚಲುವಮ್ಮ ಅಕ್ಕರೆಯಿಂದ ಹೇಳಿದಳು. “ಟೀವಿ, ಆ ಆಟದ ಡಬ್ಬಿ ಮಾತ್ರ ಇಲ್ಲೇ ಇರ್ಲಿ. ಅವ್ನಿನ್ನೂ ರಾಕ್ಷಸನ್ ತಾವ್ಕೆ ಓಗಿಲ್ಲ. ಓಗೋಕ್ ಮುಂಚೆ ಒಡ್ಯೋ ಗುಂಡಿ ಯಾವ್ದು ಅಂತ ಅಕ್ಕಂಗೆ ಒಂಚೂರು ತೋರ್ಸ್ಬುಟ್ ಓಗಿ.”